‘ಅಂಟು’ ಎಂಬ ಶಬ್ದವೂ ಕರುಳಿನ ರೋಗಾಣುಗಳೂ

ಕನ್ನಡದಲ್ಲಿ ವೈದ್ಯವಿಷಯಕವಾಗಿ ಬರೆಯುವವರು ‘ಅಂಟುಜಾಡ್ಯ’ವೆಂಬ ಶಬ್ದವನ್ನು ಬಹುಕಾಲದಿಂದ ಪ್ರಯೋಗಿಸುತ್ತ ಬಂದಿರುವರು. ಸಿಡುಬು, ಪ್ಲೇಗು, ಕಜ್ಜಿ, ವಾಂತಿಭೇದಿ, ವಿಷಮಶೀತಜ್ವರ ಇವೆಲ್ಲವೂ ಆ ಒಂದೇ ಮಾತಿನ ಕೆಳಗೆ ಬಂದು ನಿಲ್ಲುವುವು. ಪೂರ್ವಪದವು ಅಚ್ಚಗನ್ನಡದ್ದು, ಉತ್ತರಪದವು ಸಂಸ್ಕೃತದ್ದು. ಸಮಾಸವು ಅರಿಸಮಾಸವೇ ಆದರೂ ರೂಢಿಯ ಬಲದಿಂದ ನಿಂತುಬಿಟ್ಟಿದೆ. ಅದರ ಮೇಲೆ ಆಕ್ಷೇಪವಿಲ್ಲ. ಆಕ್ಷೇಪವಿರುವುದು ಪೂರ್ವಪದದ ಅರ್ಥವ್ಯಾಪ್ತಿಯ ಮೇಲೆ. ಹಲಸಿನ ಮೇಣವು ಕೈಗೆ ಅಂಟುವುದು, ಮೈಲಿಗೆಯೂ ಅಂಟುವುದು, ಪಾಪವೂ ಅಂಟುವುದು, ರೋಗವೂ ಅಂಟುವುದು. ಮುಟ್ಟುವುದು, ಮೆತ್ತಿಕೊಳ್ಳುವುದು, ಒಬ್ಬನಿಂದ ಇನ್ನೊಬ್ಬನಿಗೆ ದಾಟುವುದು ಎಂಬ ಮೂರು ಬೇರೆ ಬೇರೆ ಅರ್ಥಗಳನ್ನು ಈ ಶಬ್ದವು ಏಕಕಾಲದಲ್ಲಿ ಹೊತ್ತಿರುವುದು. ಕಾವ್ಯದಲ್ಲಿ ಇಂಥದು ಶ್ಲೇಷವೆನಿಸಿ ಶೋಭೆಯಾಗುವುದು. ಶಾಸ್ತ್ರದಲ್ಲಿ ಸಂದಿಗ್ಧವೆಂಬ ದೋಷವೇ ಆಗುವುದು. ಕರುಳಿನ ರೋಗಗಳ ವಿಷಯದಲ್ಲಂತೂ ಈ ದೋಷವು ಶಬ್ದದೋಷವಾಗಿಯೇ ಉಳಿಯದೆ ರೋಗಿಯ ಪ್ರಾಣದವರೆಗೂ ಹೋಗುವುದೆಂಬುದನ್ನು ಪರಿಶೀಲಿಸುವುದು ಪ್ರಕೃತ ವಿಮರ್ಶೆಯ ಉದ್ದೇಶ.

2020ರ ಮಹಾವ್ಯಾಧಿಯ ಕಾಲದಲ್ಲಿ ಪತ್ರಿಕೆಗಳು ‘ಅಂಟಿ’ನ ಸ್ಥಾನದಲ್ಲಿ ‘ಸೋಂಕು’ ಎಂಬುದನ್ನು ಬಹುಮಟ್ಟಿಗೆ ಕೂಡಿಸಿದುವು. ‘ಸೋಂಕಿತರು’ ಎಂಬ ರೂಪವೂ ಮನೆಮನೆಗೆ ಮುಟ್ಟಿತು. ಕನ್ನಡದ ಪ್ರಕೃತಿಗೆ ಸಂಸ್ಕೃತದ ‘ಇತ’ ಪ್ರತ್ಯಯವನ್ನು ಹಚ್ಚಿದ ಈ ರೂಪವು ವೈಯಾಕರಣನ ಕಿವಿಗೆ ಕರ್ಕಶವಾದರೂ ಲೋಕವು ಅದನ್ನು ಅಂಗೀಕರಿಸಿಯಾಗಿದೆ. ಆ ವಿಷಯ ಹಾಗಿರಲಿ. ಸೋಂಕೆಂದರೂ ಮುಟ್ಟುವುದೇ. ಉಸಿರಿನಿಂದ ಹರಡುವ ರೋಗಕ್ಕೆ ಈ ಮಾತು ಹೇಗೋ ಒಪ್ಪಬಹುದು. ಕೆಟ್ಟ ನೀರಿನಿಂದ ಬರುವ ರೋಗಕ್ಕೂ ಅದನ್ನೇ ಹಚ್ಚಿದಾಗ ‘ಅಂಟಿ’ನಲ್ಲಿದ್ದ ದೋಷವು ಹೊಸ ಬಟ್ಟೆಯನ್ನುಟ್ಟು ಮರಳಿ ಬಂದಂತಾಗುವುದು.

ವಾಂತಿಭೇದಿಯಾದವನ ಮೈಯನ್ನು ಮುಟ್ಟಿದ ಮಾತ್ರಕ್ಕೆ ಆ ರೋಗವು ಬಾರದು. ಅದರ ರೋಗಾಣುವು ನೆಲೆಸುವ ಸ್ಥಾನವು ಚರ್ಮದಲ್ಲಿಲ್ಲ; ಅದು ನೀರಿನೊಡನೆಯೋ ಅನ್ನದೊಡನೆಯೋ ಬಾಯಿಯ ಮೂಲಕ ಒಳಹೊಕ್ಕು, ಜಠರದ ಆಮ್ಲವನ್ನು ದಾಟಿ, ಸಣ್ಣಕರುಳನ್ನು ಸೇರಬೇಕು. ಮಲವು ತಗಲಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಉಂಡರೆ ಅಪಾಯವುಂಟು, ನಿಜ. ಅಲ್ಲಿಯೂ ಕೈ ವಾಹನವೇ ಹೊರತು ಆಶ್ರಯವಲ್ಲ. ಆದರೆ ‘ಅಂಟುಜಾಡ್ಯ’ವೆಂಬ ಮಾತನ್ನು ಕೇಳಿದ ಸಾಮಾನ್ಯನು ಏನನ್ನು ಗ್ರಹಿಸುವನು? ರೋಗಿಯನ್ನು ಮುಟ್ಟಬಾರದೆಂದು ಗ್ರಹಿಸುವನು. ನೆರೆಯ ಬಾವಿಯ ನೀರನ್ನು ನಿಶ್ಶಂಕೆಯಿಂದ ಕುಡಿಯುವನು. ಗಳಿಗೆಗೊಮ್ಮೆ ನೀರು ಕುಡಿಸುತ್ತ ಪಕ್ಕದಲ್ಲಿ ಕುಳಿತಿರಬೇಕಾದವನು ಬಾಗಿಲ ಹೊರಗೆ ನಿಲ್ಲುವನು. ನೀರಡಿಕೆಯೇ ಮೃತ್ಯುವಾಗಿರುವ ರೋಗದಲ್ಲಿ ಇದಕ್ಕಿಂತ ದೊಡ್ಡ ಅನರ್ಥವಿಲ್ಲ. ಮೈಲಿಗೆಯ ವಿಚಾರದಲ್ಲಿ ಪಳಗಿದ ಸಮಾಜದಲ್ಲಿ ‘ಅಂಟು’ ಎಂಬ ಮಾತು ಮೊದಲು ಮೈಯನ್ನೂ ಜಾತಿಯನ್ನೂ ನೆನಪಿಗೆ ತರುವುದು, ನೀರನ್ನಲ್ಲ. ಆ ನೆನಪಿನ ಫಲವನ್ನು ಯಾರು ಹೆಚ್ಚಾಗಿ ಉಂಡಿರುವರೆಂಬುದನ್ನು ವಿವರಿಸಬೇಕಾಗಿಲ್ಲ.

ಪ್ರಾಚೀನರಲ್ಲಿ ಈ ಸಾಂಕರ್ಯವಿರಲಿಲ್ಲವೆಂಬುದು ಗಮನಾರ್ಹ. ಸುಶ್ರುತಸಂಹಿತೆಯ ನಿದಾನಸ್ಥಾನದ 5ನೆಯ ಅಧ್ಯಾಯದಲ್ಲಿ ಒಬ್ಬರಿಂದೊಬ್ಬರಿಗೆ ಹೋಗುವ ರೋಗಗಳ ಪರಿಗಣನೆಯುಂಟು. ಮೈತಾಗುವುದು, ಉಸಿರು, ಸಹಭೋಜನ, ಹಾಸಿಗೆ ಪೀಠಗಳನ್ನು ಹಂಚಿಕೊಳ್ಳುವುದು, ಉಟ್ಟ ಬಟ್ಟೆ, ಮುಡಿದ ಮಾಲೆ, ಪೂಸಿದ ಲೇಪ ಇವು ದ್ವಾರಗಳು. ಕುಷ್ಠ, ಜ್ವರ, ಶೋಷ, ನೇತ್ರಾಭಿಷ್ಯಂದ ಮೊದಲಾದುವು ರೋಗಗಳು. ಅತಿಸಾರವನ್ನಾಗಲಿ ವಿಷೂಚಿಕೆಯನ್ನಾಗಲಿ ಅಲ್ಲಿ ಹೆಸರಿಸಿಲ್ಲ. ಜನಪದವೇ ಒಟ್ಟಿಗೆ ಧ್ವಂಸವಾಗುವ ಪ್ರಸಂಗವನ್ನು ಚರಕಸಂಹಿತೆಯು ವಿಮಾನಸ್ಥಾನದ 3ನೆಯ ಅಧ್ಯಾಯದಲ್ಲಿ ಪ್ರತ್ಯೇಕವಾಗಿಯೇ ಎತ್ತಿಕೊಂಡು, ಎಲ್ಲರಿಗೂ ಸಮಾನವಾಗಿರುವ ವಾಯು, ಜಲ, ದೇಶ, ಕಾಲಗಳು ಕೆಡುವುದನ್ನು ಕಾರಣವಾಗಿ ಹೇಳುವುದು. ಸ್ಪರ್ಶದಿಂದ ಬರುವುದು ಒಂದು, ಕೆಟ್ಟ ನೀರಿನಿಂದ ಊರಿಗೆ ಊರೇ ಮಲಗುವುದು ಇನ್ನೊಂದು. ಈ ಎರಡನ್ನೂ ಒಂದೇ ಗೂಟಕ್ಕೆ ಕಟ್ಟಿದವರು ಈಚಿನವರು. ಪ್ರಾಸಂಗಿಕವಾಗಿ ಇನ್ನೊಂದು ಮಾತು: ವಿಷೂಚಿಕೆಯೇ ಕಾಲರಾ ಎಂದು ಬರೆಯುವ ಪದ್ಧತಿಯೂ ನಿರ್ದುಷ್ಟವಲ್ಲ. ಸಂಹಿತೆಗಳ ವಿಷೂಚಿಕೆಯು ಅಜೀರ್ಣದಿಂದ ಹುಟ್ಟಿ ಸೂಜಿಯಿಂದ ಚುಚ್ಚಿದಂಥ ನೋವನ್ನು ಕೊಡುವ ವ್ಯಾಧಿ. ಲಕ್ಷಣದಲ್ಲಿ ಸಾಮ್ಯವಿರುವುದೇ ಹೊರತು ನಿದಾನದಲ್ಲಿ ಇಲ್ಲ.

ಈ ಶಬ್ದವಿಚಾರವನ್ನು ಒರೆಗೆ ಹಚ್ಚಲು ಉಡುಪಿಯ ಕಡಿಯಾಳಿಯು ತಕ್ಕ ನೆಲೆ. ಮಹಿಷಮರ್ದಿನಿಯ ದೇವಾಲಯವಿರುವ ಈ ಸ್ಥಳವು ಮಣಿಪಾಲಕ್ಕೆ ಏರುವ ದಾರಿಯ ಮೇಲಿದೆ. ಕೆಳಗೆ ರಥಬೀದಿಯ ಕಡೆ ಸಂಸ್ಕೃತ ವಿದ್ಯೆಯ ನೆಲೆಗಳು. ಮೇಲೆ ಬೆಟ್ಟದಲ್ಲಿ 1953ರಲ್ಲಿ ಸ್ಥಾಪಿತವಾದ ಕಸ್ತೂರಬಾ ವೈದ್ಯಕೀಯ ಕಾಲೇಜು. ನಡುವೆ, ಕಡಿಯಾಳಿಗೆ ನೆರೆಯಾದ ಕುಂಜಿಬೆಟ್ಟಿನಲ್ಲಿ, ತುಳು ನಿಘಂಟಿನ ಆರು ಸಂಪುಟಗಳು (1988ರಿಂದ 1997) ಸಿದ್ಧವಾದ ವಿದ್ಯಾಸಂಸ್ಥೆ. ಶಾಸ್ತ್ರವೂ ವೈದ್ಯವೂ ದೇಶಭಾಷೆಯೂ ಒಂದೇ ದಾರಿಯ ಮೇಲೆ ಸಾಲಾಗಿ ಕುಳಿತಿರುವಲ್ಲಿಯೂ ಕರುಳಿನ ರೋಗಕ್ಕೆ ತಕ್ಕ ಮಾತು ನೆಲೆಗೊಂಡಿಲ್ಲ. ಇಲ್ಲಿಯ ನೆಲವು ಮುರಕಲ್ಲಿನದು. ಬಾವಿ ತೋಡುವುದು ಸುಲಭ. ಮಳೆಗಾಲದಲ್ಲಿ ನೀರು ಕಲ್ಲಿನ ರಂಧ್ರಗಳ ಮೂಲಕ ಬೇಗನೆ ಇಳಿದು ಬಾವಿಯು ತುಂಬಿಬರುವುದು. ಶೌಚದ ಗುಂಡಿಯು ಸಮೀಪವಿದ್ದರೆ ಅದರ ನೀರಿಗೂ ಅದೇ ದಾರಿಯುಂಟು. ಇಂದ್ರಾಣಿ ತೊರೆಗೆ ಪಟ್ಟಣದ ಕೊಳಚೆ ಸೇರಿ ಅದರ ಇಕ್ಕೆಲದ ಬಾವಿಗಳು ಕೆಟ್ಟ ವಿಚಾರವು ಉಡುಪಿಯವರಿಗೆ ಹೊಸತಲ್ಲ. ಮಿಂದು ಮಡಿಯುಟ್ಟು ಸೇದಿದ ಕೊಡದ ನೀರು ಮಡಿಯಾಗಿದ್ದೂ ನಿರ್ಮಲವಾಗಿರದೆ ಇರಬಹುದು.

ಹಾಗಾದರೆ ಈ ರೋಗಾಣುಗಳು ಹಿಡಿಯುವುದು ಎಲ್ಲಿ, ಹೇಗೆ? ಸಣ್ಣಕರುಳು ಸುಮಾರು 6 ಮೀಟರುಗಳ ಹರಿಯುವ ಕಾಲುವೆ. ಅದರ ಒಳಮೈಗೆ ಲೋಳೆಯ ಹೊದಿಕೆಯುಂಟು. ಆ ಲೋಳೆಯು ಸದಾ ಹೊಸದಾಗಿ ಒಸರುತ್ತ ಹಳೆಯದನ್ನು ಮುಂದಕ್ಕೆ ತಳ್ಳುವುದು. ಅದರ ಕೆಳಗಿನ ಕೋಶಗಳೂ 3ರಿಂದ 5 ದಿನಗಳಲ್ಲಿ ಕಳಚಿಬಿದ್ದು ಬೇರೆಯವಕ್ಕೆ ಎಡೆಗೊಡುವುವು. ಮಿಲಿಮೀಟರಿನ 500ನೆಯ ಒಂದು ಪಾಲಿನಷ್ಟಿರುವ ರೋಗಾಣುವು ಇಂಥಲ್ಲಿ ಏನನ್ನಾದರೂ ಹಿಡಿಯದಿದ್ದರೆ ಕೊಚ್ಚಿಹೋಗುವುದೇ ಸರಿ. ಲೋಳೆಗೆ ಸಂಸ್ಕೃತದಲ್ಲಿ ಶ್ಲೇಷ್ಮವೆಂದು ಹೆಸರು. ಆಲಿಂಗನಾರ್ಥಕವಾದ ‘ಶ್ಲಿಷ್’ ಧಾತುವಿನಿಂದ ಅದನ್ನು ಸಾಧಿಸುವರು. ಸೋಜಿಗವೆಂದರೆ, ರೋಗಾಣುವನ್ನು ಅಪ್ಪಿ ಹೊರಗೊಯ್ಯುವುದೂ ಈ ಶ್ಲೇಷ್ಮವೇ, ಕೆಲವು ರೋಗಾಣುಗಳಿಗೆ ಮೊದಲ ಹಿಡಿಗಂಬವಾಗುವುದೂ ಅದೇ.

ವೈಶೇಷಿಕರು ಸಂಯೋಗವನ್ನು ಮೂರು ಬಗೆಯಾಗಿ ವಿಂಗಡಿಸಿರುವರು. ಎರಡರಲ್ಲಿ ಒಂದು ಮಾತ್ರ ಚಲಿಸಿ ಆಗುವುದು, ಗಿಡುಗವು ಹಾರಿಬಂದು ಮೋಟುಮರದ ಮೇಲೆ ಕೂಡುವಂತೆ. ಎರಡೂ ಚಲಿಸಿ ಆಗುವುದು, ಜಟ್ಟಿಗಳಿಬ್ಬರು ತೆಕ್ಕೆಬಿದ್ದಂತೆ. ಸಂಯೋಗದಿಂದಲೇ ಹುಟ್ಟುವ ಸಂಯೋಗ, ಬೆರಳು ಮರವನ್ನು ಮುಟ್ಟಿದಾಗ ದೇಹವೂ ಮರವನ್ನು ಮುಟ್ಟಿದಂತಾಗುವ ಹಾಗೆ. ಕಣಾದನಿಗೆ ರೋಗಾಣುಗಳು ತಿಳಿದಿದ್ದುವೆಂದು ಇದರಿಂದ ಯಾರೂ ಸಾಧಿಸಬಾರದು. ‘ಅಂಟು’ ಎಂಬ ಒಂದೇ ಮಾತಿನಿಂದ ಹೇಳುವುದನ್ನು ಬೇರ್ಪಡಿಸಲು ಒಂದು ಸಿದ್ಧವಾದ ಜರಡಿಯು ಕೈಗೆ ಸಿಕ್ಕಿತೆಂಬಷ್ಟೇ ಇಲ್ಲಿಯ ಪ್ರಯೋಜನ.

ಗಿಡುಗದ ಬಗೆಗೆ ಸೇರಿದ್ದು ಇ. ಕೋಲೈ ಎಂಬ ಜಾತಿಯಲ್ಲಿ ವಿಷವನ್ನು ಸ್ರವಿಸುವ ಒಂದು ಪಂಗಡ. ಮಕ್ಕಳಿಗೂ ಪರಸ್ಥಳದಿಂದ ಬಂದವರಿಗೂ ಭೇದಿಯನ್ನುಂಟುಮಾಡುವುದರಲ್ಲಿ ಇದು ಪ್ರಸಿದ್ಧ. ಇದರ ಮೈಯಿಂದ ಅತಿಸೂಕ್ಷ್ಮವಾದ ಎಳೆಗಳು ಹೊರಟಿರುವುವು. ಎಳೆಯ ಅಂಶವು ಕರುಳಿನ ಕೋಶದ ಮೇಲಿರುವ ನಿರ್ದಿಷ್ಟವಾದ ಸಕ್ಕರೆಯ ಸರವನ್ನು ಕಂಡುಕೊಂಡು ಹಿಡಿಯುವುದು. ಕೋಶವು ಮೋಟುಮರದಂತೆ ಸುಮ್ಮನಿರುವುದು. ಹಿಡಿತವು ಹಾದಿಯಲ್ಲಿ ಸಿಕ್ಕಿದ್ದಕ್ಕೆಲ್ಲ ಆಗುವಂಥದಲ್ಲವೆಂಬುದಕ್ಕೆ ಹಂದಿಮರಿಗಳ ಉದಾಹರಣೆಯು ನಿರ್ಣಾಯಕ. ಮರಿಗಳಿಗೆ ಭೇದಿಯನ್ನು ತರುವ ಕೆ88 ಎಂಬ ಎಳೆಯುಳ್ಳ ರೋಗಾಣುವನ್ನು 1970ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಪರೀಕ್ಷಿಸಿದಾಗ, ಎಳೆಯನ್ನು ಕಳೆದುಕೊಂಡ ರೋಗಾಣುವು ಕರುಳನ್ನು ಹಿಡಿಯಲಾರದೆ ಹೋಯಿತು. ಹುಟ್ಟಿನಿಂದಲೇ ಆ ಸಕ್ಕರೆಯ ನೆಲೆಯಿಲ್ಲದ ಕೆಲವು ಮರಿಗಳಿಗೆ ರೋಗವೇ ಬಾರದಾಯಿತು. ಮೇಣವಾದರೆ ಎಲ್ಲ ಮರಿಗಳಿಗೂ ಅಂಟಬೇಕಾಗಿತ್ತು. ಇನ್ನೊಂದು ವಿಶೇಷವುಂಟು: ಇ. ಕೋಲೈಯ ಕೆಲವು ಎಳೆಗಳು ಪ್ರವಾಹವು ಜೋರಾದಷ್ಟೂ ಹಿಡಿತವನ್ನು ಬಿಗಿಮಾಡುವುವು, ಎಳೆದಷ್ಟೂ ಕಚ್ಚುವ ಕೊಕ್ಕೆಯ ಹಾಗೆ. ಭೇದಿಯಾದರೆ ಒಳಗಿನದೆಲ್ಲ ತಾನೇ ತೊಳೆದುಹೋಗುವುದೆಂಬ ಲೌಕಿಕರ ಸಮಾಧಾನವನ್ನು ಪೂರ್ತಿಯಾಗಿ ನಂಬುವಂತಿಲ್ಲ.

ಜಟ್ಟಿಗಳ ಬಗೆಯು ಇನ್ನೂ ವಿಲಕ್ಷಣ. ಶಿಶುಗಳ ಭೇದಿಗೆ ಕಾರಣವಾದ ಇ. ಕೋಲೈಯ ಮತ್ತೊಂದು ಪಂಗಡವು ಕೋಶದಲ್ಲಿ ಹಿಡಿಯಲು ನೆಲೆಯನ್ನು ಹುಡುಕುತ್ತ ಕೂಡದೆ, ಸೂಜಿಯಂಥ ನಾಳದ ಮೂಲಕ ‘ಟಿರ್’ ಎಂಬ ತನ್ನದೇ ಒಂದು ಪದಾರ್ಥವನ್ನು ಕೋಶದೊಳಕ್ಕೆ ಚುಚ್ಚುವುದೆಂದು 1997ರಲ್ಲಿ ಗೊತ್ತಾಯಿತು. ಅದು ಕೋಶದ ಮೈಯಲ್ಲಿ ನಾಟಿಕೊಂಡು ತಲೆಯೆತ್ತುವುದು. ರೋಗಾಣುವು ಅದನ್ನೇ ಹಿಡಿಯುವುದು. ಕರೆಯದೆ ಬಂದ ಅತಿಥಿಯು ತನ್ನ ಮಣೆಯನ್ನೂ ತಾನೇ ತಂದು ಹಾಕಿಕೊಂಡಂತಾಯಿತು. ಕೋಶವೂ ಸುಮ್ಮನಿರದು, ಅದರ ಒಳಗಿನ ತಂತುಗಳು ಒಟ್ಟುಗೂಡಿ ರೋಗಾಣುವಿನ ಕೆಳಗೆ ಪೀಠವನ್ನು ಎತ್ತಿಕೊಡುವುವು, ಸುತ್ತಲಿನ ಸೂಕ್ಷ್ಮವಾದ ಚಾಚಿಕೆಗಳು ಅಳಿಸಿಹೋಗುವುವು. ಉಪಸರ್ಗವು ಧಾತುವಿಗೆ ಹತ್ತಿ ಅದರ ಅರ್ಥವನ್ನು ಬಲಾತ್ಕಾರದಿಂದ ಬೇರೆಡೆಗೆ ಒಯ್ಯುವುದೆಂದು ವೈಯಾಕರಣರು ಹೇಳುವುದು ನೆನಪಾಗುವುದು. ಇಂಥ ವ್ಯಾಪಾರವನ್ನು ‘ಅಂಟಿಕೊಳ್ಳುವುದು’ ಎಂದರೆ ಅರ್ಧಕ್ಕಿಂತ ಹೆಚ್ಚಿನದನ್ನು ಹೇಳದೆ ಬಿಟ್ಟಂತಾಗುವುದು. ವಿಷಮಶೀತಜ್ವರದ ರೋಗಾಣುವಾದರೋ ಕೋಶವೇ ತನ್ನನ್ನು ನುಂಗುವಂತೆ ಪ್ರೇರಿಸಿ ಒಳಸೇರಿ ಮುಂದಕ್ಕೆ ಹೋಗುವುದು. ಅಲ್ಲಿ ಹಿಡಿತವು ಹೊಸ್ತಿಲು ಮಾತ್ರ.

ಕಾಲರಾದ ರೋಗಾಣುವನ್ನು ಮೂರನೆಯ ಬಗೆಯಲ್ಲಿ ಸೇರಿಸಬೇಕಾಗುವುದು. 1987ರಲ್ಲಿ ಪ್ರಕಟವಾದ ಅದರ ಪ್ರಸಿದ್ಧವಾದ ಎಳೆಯು ಮುಖ್ಯವಾಗಿ ಒಂದು ರೋಗಾಣುವನ್ನು ಇನ್ನೊಂದಕ್ಕೆ ಹೆಣೆಯುವುದು; ಕೆಲವು ನೆಲೆಯನ್ನು ಹಿಡಿದರೆ ಉಳಿದುವು ಅವನ್ನು ಹಿಡಿದು ಗುಂಪಾಗುವುವು. ಹೀಗೆ ನೆಲೆಸಿಯೂ ಇದು ಕೋಶದೊಳಕ್ಕೆ ನುಗ್ಗುವುದಿಲ್ಲ, ಅದನ್ನು ಕಡಿದು ಹುಣ್ಣುಮಾಡುವುದೂ ಇಲ್ಲ. ಹೊರಗೆ ನಿಂತು ವಿಷವನ್ನು ಸುರಿಸುವುದು. ಕಲ್ಕತ್ತೆಯ ಶಂಭುನಾಥ ಡೇ ಅವರು 1959ರಲ್ಲಿ, ರೋಗಾಣುಗಳನ್ನು ಸೋಸಿ ತೆಗೆದ ದ್ರವವನ್ನು ಮಾತ್ರ ಮೊಲದ ಕಟ್ಟಿದ ಕರುಳಿನ ತುಂಡಿನಲ್ಲಿಟ್ಟು, ಅಷ್ಟರಿಂದಲೇ ಅದು ನೀರಿನಿಂದ ಉಬ್ಬುವುದನ್ನು ತೋರಿಸಿದರು. ಆ ವಿಷವು ಕೋಶದ ಲವಣಗಳ ಬಾಗಿಲನ್ನು ತೆರೆದಿಟ್ಟುಬಿಡುವುದು; ಲವಣದ ಹಿಂದೆ ನೀರು ಹರಿದು ಅಕ್ಕಚ್ಚಿನಂಥ ಭೇದಿಯಾಗುವುದು. ಆದರೆ ಸಕ್ಕರೆಯೊಡನೆ ಲವಣವನ್ನು ಒಳಗೆಳೆಯುವ ಬೇರೊಂದು ಬಾಗಿಲು ಕೆಡದೆ ಉಳಿದಿರುವುದು. 1971ರಲ್ಲಿ ಬಂಗಾಳದ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ದಿಲೀಪ ಮಹಲನಬೀಸರು ಉಪ್ಪುಸಕ್ಕರೆಗಳ ನೀರನ್ನು ಕುಡಿಸಿ ನೂರಕ್ಕೆ ಸುಮಾರು 30ರಷ್ಟಿದ್ದ ಸಾವನ್ನು 4ಕ್ಕಿಂತ ಕೆಳಗೆ ತಂದದ್ದು ಈ ಬಾಗಿಲಿನಿಂದಲೇ. ಉಪ್ಪು ಹಾಕಿದ ಗಂಜಿಯ ತಿಳಿಯೂ ಅದೇ ದಾರಿಯನ್ನು ಹಿಡಿಯುವುದು. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ರೋಗಾಣುಗಳು ಕರುಳಿನಲ್ಲಿ ಹಿಡಿದುಕೊಂಡಿರುವಾಗಲೇ ರೋಗಿಯು ಬದುಕಿದನು. ಹಿಡಿತವೇ ರೋಗವಲ್ಲ; ರೋಗಕ್ಕೆ ಅದು ಪೂರ್ವಾಂಗ. ಅಂಟಿದ್ದು ಬಿಡದೆಂಬ ಭಯವನ್ನು ಹುಟ್ಟಿಸುವ ಶಬ್ದವು ಈ ವಿವೇಕಕ್ಕೂ ಅಡ್ಡಬರುವುದು.

ಪಾರಿಭಾಷಿಕ ಶಬ್ದಗಳ ಕಡೆಗೆ ಬಂದರೆ ಯೂರೋಪಿನ ಪಂಡಿತರಲ್ಲಿಯೂ ಐಕಮತ್ಯವಿಲ್ಲ. ರೋಗಾಣುವಿನ ಎಳೆಗಳನ್ನು 1955ರಲ್ಲಿ ಡುಗಿಡ್ ಎಂಬವರು ‘ಫಿಂಬ್ರಿಯ’, ಅಂದರೆ ಬಟ್ಟೆಯ ಅಂಚಿನ ಕುಚ್ಚು, ಎಂದರು, 1959ರಲ್ಲಿ ಬ್ರಿಂಟನ್ ಎಂಬವರು ‘ಪಿಲೈ’, ಅಂದರೆ ರೋಮ, ಎಂದರು, ಎರಡೂ ನಿಂತುವು. ಕನ್ನಡದಲ್ಲಿ ‘ರೋಮ’ವೆಂದರೆ ಈಗಾಗಲೇ ಇರುವ ‘ಲೋಮಾಂಗ’ದೊಡನೆ ಬೆರೆಯುವ ಭಯವುಂಟು, ಅದು ಚಲಿಸುವ ಅಂಗ, ಇದು ಹಿಡಿಯುವ ಅಂಗ. ‘ಕುಚ್ಚು’ ಎಂಬುದೇ ನಿರಾಕ್ಷೇಪವಾದದ್ದು. ಇದಕ್ಕಿಂತಲೂ ಕೆಟ್ಟದ್ದು ‘ಗ್ರಾಹಕ’. ಕೋಶದ ಮೇಲೆ ರೋಗಾಣುವು ಹಿಡಿಯುವ ನೆಲೆಗೆ ಈ ಹೆಸರು. ಅಂಗಡಿಗೆ ಬಂದು ಕೊಳ್ಳುವವನೂ ಗ್ರಾಹಕನೇ ಆಗಿರುವುದರಿಂದ ವಾಚಕನು ಒಮ್ಮೆ ನಗುವನು, ಅದು ಹೋಗಲಿ. ಪ್ರತ್ಯಯವು ಕರ್ತ್ರರ್ಥದಲ್ಲಿದೆ, ಗ್ರಾಹಕವೆಂದರೆ ಹಿಡಿಯುವುದು. ಪ್ರಕೃತದಲ್ಲಿ ಹಿಡಿಯುವುದು ರೋಗಾಣು, ಹಿಡಿಯಲ್ಪಡುವುದು ಕೋಶದ ಸಕ್ಕರೆ. ಕರ್ತೃಕರ್ಮಗಳೇ ತಲೆಕೆಳಗಾದ ಈ ಶಬ್ದವನ್ನು ಬಿಟ್ಟು ‘ಗ್ರಾಹ್ಯ’ವೆಂದರೆ ವ್ಯಾಕರಣವೂ ಉಳಿಯುವುದು, ಅರ್ಥವೂ ಉಳಿಯುವುದು. ಚರಕನು ಅನ್ನವನ್ನು ಹಿಡಿದಿಡುವ ಸ್ಥಾನವೆಂದು ‘ಗ್ರಹಣೀ’ ಎಂಬ ಹೆಸರನ್ನು ನಿರ್ವಚಿಸುವನು. ಅಲ್ಲಿ ಕರುಳು ನಿಜವಾಗಿಯೂ ಕರ್ತೃವಾಗಿರುವುದರಿಂದ ಹೆಸರು ಅನ್ವರ್ಥ.

ಹಿಡಿತದ ಕ್ರಿಯೆಗೆ ಮಾತನ್ನು ದೂರದಲ್ಲಿ ಅರಸಬೇಕಾಗಿಲ್ಲ. ಹಳಗನ್ನಡದ ‘ಪತ್ತು’ ಹೊಸಗನ್ನಡದಲ್ಲಿ ‘ಹತ್ತು’ ಆಗಿದೆ; ಬೆಂಕಿ ಹತ್ತುವುದು, ಬಣ್ಣ ಹತ್ತುವುದು. ಕಡಿಯಾಳಿಯ ಬೀದಿಯಲ್ಲಿ ಇಂದಿಗೂ ಕೇಳಿಬರುವ ತುಳುವಿನ ‘ಪತ್ತುನಿ’ಯಲ್ಲಿ ಆದಿಯ ಪಕಾರವು ಹಾಗೆಯೇ ಉಳಿದಿದೆ, ಅದರ ಮುಖ್ಯಾರ್ಥವೇ ಹಿಡಿಯುವುದು. ಇದರಲ್ಲಿ ಕರ್ತೃವಿನ ಪ್ರಯತ್ನವು ತೋರುವುದು, ಮೈಲಿಗೆಯ ವಾಸನೆಯಿಲ್ಲ. ಹತ್ತೆಂಬುದು ಸಂಖ್ಯಾವಾಚಕವೂ ಆಗಿರುವುದೆಂಬ ಆಕ್ಷೇಪಕ್ಕೆ ‘ಹತ್ತುಗೆ’ ಎಂಬ ಕೃದಂತವೇ ಉತ್ತರ. ಮೈಯಿಂದ ಮೈಗೆ ಬರುವುದಕ್ಕೆ ಸೋಂಕೆಂದೂ, ನೀರು ಅನ್ನಗಳಿಂದ ಬರುವುದಕ್ಕೆ ಸಂಕ್ರಮವೆಂದೂ, ಕರುಳಿನಲ್ಲಿ ರೋಗಾಣುವು ನೆಲೆಗೊಳ್ಳುವುದಕ್ಕೆ ಹತ್ತುಗೆಯೆಂದೂ ಬರೆದರೆ ‘ಅಂಟು’ ತನ್ನ ಗೋಂದಿನ ಭರಣಿಗೆ ಸುಖವಾಗಿ ಮರಳಬಹುದು.

ಚರಕನ ಕ್ರಿಮಿಚಿಕಿತ್ಸೆಯನ್ನು ಈ ಸಂದರ್ಭದಲ್ಲಿ ಕೆಲವರು ಎತ್ತಿ ಹಿಡಿಯುವುದುಂಟು. ಮೊದಲು ಅಪಕರ್ಷಣ, ಎಂದರೆ ಸೆಳೆದು ತೆಗೆಯುವುದು. ಅನಂತರ ಪ್ರಕೃತಿವಿಘಾತ, ಎಂದರೆ ಅವು ಬೆಳೆಯುವ ನೆಲೆಯನ್ನು ಕೆಡಿಸುವುದು. ಆಮೇಲೆ ನಿದಾನವನ್ನು ವರ್ಜಿಸುವುದು. ಕ್ರಮವು ಸುಂದರವಾಗಿದೆ. ಆದರೆ ಚರಕನು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕ್ರಿಮಿಗಳನ್ನು ಇಟ್ಟದ್ದು ರಕ್ತದಲ್ಲಿ; ಕರುಳಿನಲ್ಲಿ ಇಟ್ಟವು ಕಾಣುವ ಹುಳುಗಳೇ. ಅವನಿಗೆ ಕಾಲರಾದ ರೋಗಾಣುವು ಗೊತ್ತಿತ್ತೆನ್ನುವುದು ಅವನಿಗೆ ಗೌರವವಲ್ಲ, ಅವನ ಗ್ರಂಥವನ್ನು ಓದಲಿಲ್ಲವೆಂಬುದರ ಪ್ರಕಟನೆ. ಕೊಲ್ಲದೆ ಬಿಡಿಸುವ ಉಪಾಯಕ್ಕೆ ಇಂದಿನ ಸ್ಪಷ್ಟವಾದ ದೃಷ್ಟಾಂತವು ತಾಯಿಯ ಹಾಲು. ಅದರಲ್ಲಿ ಶಿಶುವಿಗೆ ಜೀರ್ಣವಾಗದ ಸಕ್ಕರೆಯ ಸರಗಳುಂಟು. ಅವುಗಳಲ್ಲಿ ಕೆಲವು ಕರುಳಿನ ಗ್ರಾಹ್ಯವನ್ನೇ ಹೋಲುವುದರಿಂದ ರೋಗಾಣುವು ಅವನ್ನು ಹಿಡಿದು ಅವುಗಳೊಡನೆಯೇ ಹೊರಟುಹೋಗುವುದು. ಗರ್ಭಿಣಿಯಾದ ಹಂದಿಗೆ ಕುಚ್ಚಿನ ಅಂಶದಿಂದ ಮಾಡಿದ ಲಸಿಕೆಯನ್ನು ಚುಚ್ಚಿದರೆ ಗಿಣ್ಣುಹಾಲಿನ ಮೂಲಕ ಮರಿಗಳು ಉಳಿಯುವುದೂ ಈ ತತ್ತ್ವದಿಂದಲೇ.

ಕೊನೆಯದಾಗಿ ಬಟ್ಟೆಯಲ್ಲಿ ಸೋಸಿದ ನೀರಿನ ವಿಚಾರ. ಸ್ಮೃತಿಕಾರರು ವಿಧಿಸಿರುವ ಈ ಆಚಾರವು ರೋಗಾಣುಶಾಸ್ತ್ರವೇ ಎಂದು ಸಭೆಗಳಲ್ಲಿ ಹೇಳುವುದು ಕೇಳಿಬರುವುದು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದ ನೀರಿನಿಂದ ಕಾಲರಾ ಅರ್ಧದಷ್ಟು ಇಳಿಯಿತೆಂದು ರೀಟಾ ಕಾಲ್ವೆಲ್ ಮತ್ತು ಅವರ ಸಂಗಡಿಗರು 2003ರಲ್ಲಿ ಪ್ರಕಟಿಸಿದ್ದು ಅವರಿಗೆ ಬಲವಾಗಿ ತೋರುವುದು. ಕಾರಣವನ್ನು ನೋಡಿದರೆ ವಿಷಯವು ಬೇರೆ. ಬಟ್ಟೆಯ ಎಳೆಗಳ ನಡುವೆ ರೋಗಾಣುವು ಸಲೀಸಾಗಿ ನುಸುಳಬಲ್ಲುದು. ಆದರೆ ಅಲ್ಲಿಯ ಕೊಳ ಹೊಳೆಗಳಲ್ಲಿ ಕಾಲರಾದ ರೋಗಾಣುವು ಸಣ್ಣ ಜಲಕೀಟಗಳ ಚಿಪ್ಪಿಗೆ ಹತ್ತಿಕೊಂಡಿರುವುದು; ಬಟ್ಟೆಯು ಕೀಟವನ್ನು ತಡೆಯುವುದು, ಕೀಟದೊಡನೆ ಅದೂ ನಿಲ್ಲುವುದು. ಇದು ಮತ್ತೆ ಸಂಯೋಗಜ ಸಂಯೋಗವೇ. ಸ್ಮೃತಿಕಾರರ ಉದ್ದೇಶವು ಶೌಚವೂ ನೀರಿನ ಜೀವಿಗಳ ರಕ್ಷಣೆಯೂ ಆಗಿತ್ತು. ಶೌಚದ ಗುಂಡಿಯಿಂದ ಮುರಕಲ್ಲಿನ ರಂಧ್ರಗಳಲ್ಲಿ ಇಳಿದು ಬಾವಿಯನ್ನು ಸೇರಿದ ರೋಗಾಣುವಾದರೋ ಯಾವ ಚಿಪ್ಪಿಗೂ ಹತ್ತಿರಬೇಕಾಗಿಲ್ಲ, ಬಿಡಿಯಾಗಿಯೇ ತೇಲುತ್ತಿರಬಹುದು. ಕಡಿಯಾಳಿಯ ಮನೆಯವರು ಅಂಥ ಬಾವಿಯ ನೀರನ್ನು ಎಷ್ಟು ಮಡಿಕೆಗಳ ಬಟ್ಟೆಯಲ್ಲಿ ಸೋಸಿದರೂ ಸಾಲದು, ಕುದಿಸಬೇಕು.